ಸರ್ವರ್ ಕಾಯುತ್ತಿದ್ದ ಬೀಗದಮ್ಮ

ಅವಳು ಆ ಔಷಧ ಸರಬರಾಜು ಕಂಪನಿಗೆ ಸೇರಿದ್ದು ಫೋನೆತ್ತುವ ಕೆಲಸಕ್ಕೆ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹಿರಿಯರ ಪಕ್ಕದ ಕುರ್ಚಿ ಅವಳದು. ನೋಡಿ ನೋಡಿ ಕಲಿತಳು, ತರಗತಿಗೆ ಹೋಗಿ ಪರೀಕ್ಷೆಯನ್ನೂ ಕಟ್ಟಿದಳು. ಹಿರಿಯರು ನಿವೃತ್ತರಾದಾಗ ಸರ್ವರ್ ಅವಳ ಕೊರಳಿಗೆ ಬಿತ್ತು.

ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಸದಾ ಗುಂಯ್‌ಗುಡುತ್ತಿದ್ದ ಪೆಟ್ಟಿಗೆ ಅದು. ಯಾವ ಆಸ್ಪತ್ರೆಗೆ ಯಾವ ಔಷಧ ಹೋಗಬೇಕು, ಯಾವುದು ಮುಗಿಯುತ್ತ ಬಂತು, ಎಲ್ಲವೂ ಅದರ ಹೊಟ್ಟೆಯಲ್ಲಿ. ಕಚೇರಿಯವರೆಲ್ಲ ತಮ್ಮ ಮೇಜಿನಿಂದ ಅದರೊಳಗೇ ಹೋಗಿ ಕೆಲಸ ಮಾಡುತ್ತಿದ್ದರು. ಸರ್ವರನ್ನೇ ನಿಲ್ಲಿಸುವ, ಖಾತೆಗಳನ್ನು ಅಳಿಸುವ, ಸೆಟ್ಟಿಂಗ್ ಬದಲಿಸುವ ಗುಂಡಿಗಳೂ ಎಲ್ಲರ ಪರದೆಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದವು.

ಅವಳು ಮೊದಲೇ ಪುಕ್ಕಲಿ. ಗ್ಯಾಸ್ ಆರಿಸಿದೆನೇ ಎಂದು ಬೀದಿ ತುದಿಯಿಂದ ವಾಪಸು ಬಂದು ನೋಡುವ ಹೆಂಗಸು. ಒಂದು ಸಂಜೆ ಬಿಲ್ ಮಾಡುವಾಕೆ ಮನೆಗೆ ಹೊರಡುವ ಅವಸರದಲ್ಲಿ ತನ್ನ ಕಂಪ್ಯೂಟರ್ ಆರಿಸಲು ಹೋಗಿ ಸರ್ವರನ್ನೇ ಆರಿಸಿಬಿಟ್ಟಳು. ಆಸ್ಪತ್ರೆಯೊಂದು ತುರ್ತು ಔಷಧಕ್ಕೆ ಕಾಯುತ್ತಿತ್ತು. ಪೆಟ್ಟಿಗೆ ಮತ್ತೆ ಏಳುವವರೆಗೆ ಫೋನುಗಳು ಬಡಿದುಕೊಂಡೇ ಬಡಿದುಕೊಂಡವು. ಆ ರಾತ್ರಿ ಸರ್ವರ್ ಕಾಯುವವಳ ನಿದ್ದೆ ಹಾರಿತು.

“ಗೊತ್ತಿಲ್ಲದೆ ಒತ್ತಿದ್ದಕ್ಕೇ ಇಷ್ಟಾಯ್ತು. ಬೇಕಂತಲೇ ಒತ್ತೋರು ಬಂದ್ರೆ?” ಎಂದಳು ಗಂಡನಿಗೆ.

ಅವನು ದರ್ಜಿ. ಹೊಲಿಗೆ ಯಂತ್ರ ನಿಲ್ಲಿಸದೆಯೇ, “ಮುಚ್ಚಿಬಿಡು ಮತ್ತೆ. ನಾನು ನನ್ನ ಕತ್ತರಿನ ಗಿರಾಕಿ ಕೈಗೆ ಕೊಡ್ತೀನಾ?” ಎಂದ.

ಮುಚ್ಚಿದಳು. ಪ್ರತಿಯೊಬ್ಬರಿಗೂ ಅವರವರ ಕೆಲಸದ ಕಿಟಕಿಯಷ್ಟೇ ತೆರೆಯುವಂತೆ ನಿಯಮ ಹಾಕಿದಳು. ಮರುದಿನ ಬೆಳಿಗ್ಗೆಯೇ ಉಗ್ರಾಣ ನೋಡಿಕೊಳ್ಳುವವರು ಸಿಡಿಮಿಡಿಗುಟ್ಟುತ್ತ ಬಂದರು. ಇಡೀ ಕಚೇರಿಗೆ ಅವರು ಮಾವ.

“ಏನಮ್ಮಾ ಬೀಗದಮ್ಮ, ನಾವೇನು ಕಳ್ಳರಾ?”

“ನಿಮ್ಮ ಮೇಲೆ ಅನುಮಾನ ಇಲ್ಲ ಮಾವ. ನಿಮ್ಮ ಹೆಸರಲ್ಲಿ ಬರೋರ ಮೇಲೆ.”

“ನನ್ನ ಹೆಸರಲ್ಲಿ ಬರೋಕೆ ನಾನೇನು ಸಿನಿಮಾ ಹೀರೋನಾ?”

ಎಲ್ಲರೂ ಗೊಳ್ಳೆಂದರು. ಅವಳೂ ನಕ್ಕಳು.

ಊಟದ ಹೊತ್ತಿಗಿಂತ ಮುಂಚೆ ಉಗ್ರಾಣದಿಂದ ಕೂಗು ಬಂತು: “ಬೇಗ ಬಾರಮ್ಮಾ!”

ಓಡಿದಳು. ಮಾವನ ಎರಡೂ ಕೈ ತೊಡೆಯ ಮೇಲಿದ್ದವು. ಪರದೆಯ ಮೇಲೆ ಮೌಸಿನ ಬಾಣ ಮಾತ್ರ ತಾನಾಗಿಯೇ ಓಡಾಡುತ್ತಿತ್ತು. ಸರ್ವರ್ ನಿಲ್ಲಿಸುವ, ಖಾತೆ ಅಳಿಸುವ ಒಂದೊಂದು ಸಲಕರಣೆಯನ್ನೂ ಹುಡುಕಿ ತೆರೆಯಲು ನೋಡುತ್ತಿತ್ತು. ಪ್ರತಿ ಸಲವೂ ಒಂದೇ ಉತ್ತರ: ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ. ಬಾಣ ಒಂದು ಕ್ಷಣ ನಿಲ್ಲುತ್ತಿತ್ತು, ಯೋಚಿಸುವವರ ಹಾಗೆ. ಮತ್ತೆ ಇನ್ನೊಂದರ ಕಡೆಗೆ ಹೊರಡುತ್ತಿತ್ತು.

ಅವಳು ಮಾವನ ಕಡೆ ತಿರುಗಿದಳು.

“ಕಂಪ್ಯೂಟರ್ ಕಂಪನಿಯೋರು ಅಂತ ಯಾರೋ ಫೋನ್ ಮಾಡಿದ್ರು,” ಎಂದರು ಮಾವ. “ರಿಪೇರಿ ಮಾಡ್ತೀವಿ ಅಂದ್ರು. ಅವ್ರು ಹೇಳಿದ್ದೆಲ್ಲ ಒತ್ತಿದೆ.”

“ಪಾಸ್‌ವರ್ಡ್ ಹೇಳಿದ್ರಾ?”

“ಕೇಳಿದ್ರು, ಹೇಳ್ಬಿಟ್ಟೆ.”

ಹಾಗಾದರೆ ಈ ಕಂಪ್ಯೂಟರ್ ಆರಿಸಿದರೂ ಪ್ರಯೋಜನವಿಲ್ಲ. ಫೋನ್ ಮಾಡಿದವನು ಬೇರೆಲ್ಲಿಂದಲೋ ಒಳಗೆ ಬರಬಲ್ಲ. ಮಾವನ ಖಾತೆಯನ್ನೇ ಮುಚ್ಚಬೇಕು. ತನ್ನ ಮೇಜಿಗೆ ಓಡಿ ಖಾತೆ ಮುಚ್ಚುವ ಸಲಕರಣೆ ಒತ್ತಿದಳು. ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ. ಇನ್ನೊಂದನ್ನು ಒತ್ತಿದಳು. ಅದೇ ಉತ್ತರ. ಎಲ್ಲರಿಗೂ ಎಂದು ಹಾಕಿದ ನಿಯಮದಿಂದ ತನ್ನನ್ನೇ ಹೊರಗಿಡಲು ಮರೆತಿದ್ದಳು.

ಒಳಗೆ ಅಪರಿಚಿತ ಓಡಾಡುತ್ತಿದ್ದಾನೆ. ಕಾವಲಿನವಳು ಬಾಗಿಲಾಚೆ.

ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಸರ್ವರಿನ ಹಿಂದಿನ ನೆಟ್‌ವರ್ಕ್ ಕೇಬಲ್ ಹಿಡಿದಳು. ಎಳೆದರೆ ಎಲ್ಲರ ಕೆಲಸವೂ ನಿಲ್ಲುತ್ತದೆ, ಔಷಧದ ಗಾಡಿಗಳು ನಿಲ್ಲುತ್ತವೆ. ಎಳೆಯದಿದ್ದರೆ? ಅವನಿಗೆ ಎಲ್ಲೋ ಒಂದು ಬಾಗಿಲು ತೆರೆದೇ ಸಿಕ್ಕಿದರೆ? ಕಣ್ಣುಮುಚ್ಚಿ ಎಳೆದಳು. ಮೇಲಿನಿಂದ ಫೋನುಗಳ ಬೊಬ್ಬೆ ಶುರುವಾಯಿತು.

ಕಂಪನಿಯ ಯಜಮಾನಿ ಇಳಿದು ಬಂದಾಗ ಕೇಬಲ್ ಇನ್ನೂ ಅವಳ ಕೈಯಲ್ಲೇ ಇತ್ತು.

“ಯಾರು ಕಿತ್ತಿದ್ದು?”

“ನಾನೇ ಮೇಡಂ. ಯಾರೋ ಒಳಗೆ ಬಂದಿದ್ರು. ಓಡಿಸೋಕೆ ಹೋದ್ರೆ ನನಗೂ ನಾನೇ ಬೀಗ ಹಾಕ್ಕೊಂಡಿದ್ದೀನಿ.”

ಯಜಮಾನಿ ಅವಳ ಕೈಯಲ್ಲಿದ್ದ ಕೇಬಲ್ ತೆಗೆದು ಪಕ್ಕಕ್ಕಿಟ್ಟರು. ಕೆಲಸ ಹೋಯಿತು ಎಂದುಕೊಂಡಳು.

“ಫೋನಲ್ಲಿ ಬಂದ ಆರ್ಡರ್ ಕೈಯಲ್ಲೇ ಬರ್ಕೊಳ್ಳೋಕೆ ಹೇಳ್ತೀನಿ,” ಎಂದರು. “ನೀನು ಮೊದಲಿನವ್ರನ್ನ ಕರೆಸು.”

ನಿವೃತ್ತರಾದ ಹಿರಿಯರು ಆಟೋದಲ್ಲಿ ಬಂದರು. ಪೆಟ್ಟಿಗೆಯ ಮುಂದೆಯೇ ಕೂತು, ತುರ್ತಿಗೆಂದು ಇಟ್ಟಿದ್ದ ಬೇರೆ ದಾರಿಯಿಂದ ಒಳಹೊಕ್ಕು ಅವಳ ಖಾತೆ ಬಿಡಿಸಿಕೊಟ್ಟರು. ಇಬ್ಬರೂ ಸೇರಿ ಎಲ್ಲರ ಪಾಸ್‌ವರ್ಡ್ ಬದಲಿಸಿದರು. ಸರ್ವರಿನ ದಾಖಲೆ ನೋಡಿದರೆ, ಬಂದವನು ಮಾವನ ಹೆಸರಿನಲ್ಲಿ ದೂರದಿಂದಲೂ ಒಮ್ಮೆ ಹೊಕ್ಕಿದ್ದ. ಅವನಿಗೆ ಕಂಡದ್ದು ಉಗ್ರಾಣದಲ್ಲಿ ಏನೇನಿದೆ ಎಂಬುದಷ್ಟೇ, ಬೇರೇನೂ ತೆರೆದಿರಲಿಲ್ಲ.

“ಬೀಗವೇನೋ ಗಟ್ಟಿಯಾಗೇ ಹಾಕಿದ್ದೀಯ,” ಎಂದರು ಹಿರಿಯರು. “ನಿನಗೊಂದು ಕೀಲಿ ಇಟ್ಕೋಬೇಕಿತ್ತು.”

ಮಾವ ಕೆಲವು ದಿನ ಆರ್ಡರುಗಳನ್ನು ಕೈಯಲ್ಲೇ ಬರೆದರು. ಆಮೇಲೆ ತಾವೇ ಬಂದರು. “ನನ್ನ ಪರದೇಲಿ ಇನ್ನೂ ಏನಾದ್ರೂ ಹೆಚ್ಚಿಗೆ ಇದ್ರೆ ತೆಗೆದುಬಿಡಮ್ಮ. ಮೌಸ್ ಮುಟ್ಟೋಕೇ ಹೆದರಿಕೆ.” ಅವಳು ಅವರ ಜೊತೆ ಉಗ್ರಾಣಕ್ಕೆ ಹೋಗಿ, ಅವರು ಮೊದಲ ಆರ್ಡರ್ ಮುಗಿಸುವವರೆಗೂ ಪಕ್ಕದಲ್ಲೇ ಕೂತಳು.

ಕೆಲಸ ಉಳಿಯಿತು. ಭಯವೂ ಉಳಿಯಿತು. ಬಾಣ ಓಡಿಸಿದ ಆ ಕೈ ಯಾರದು, ಅವನು ಎಲ್ಲಿ ಕೂತಿದ್ದ ಎಂಬುದು ಕೊನೆಗೂ ತಿಳಿಯಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಮೊಬೈಲಿನ ಮೇಲೆ ಬೆರಳಾಡಿಸುತ್ತಿದ್ದರೆ, ಇದೇ ಆ ಕೈಯೇನೋ ಎಂದು ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ಸರಿಯುತ್ತಿದ್ದಳು.