ಮೇಸ್ತ್ರಿಯ ಹಲ್ಲು, ಮಗಳ ಎಂಬಿಎ

ಕಟಕ್. ಭತ್ತದ ಕಾಳು ಹಲ್ಲಿನ ನಡುವೆ ಮುರಿಯುವ ಸದ್ದು. ಸಿಂಧನೂರಿನ ನಮ್ಮ ರೈಸ್ ಮಿಲ್ಲಿನಲ್ಲಿ ಸುಗ್ಗಿಯ ಬೆಳಗು ಆ ಸದ್ದಿನಿಂದಲೇ ಶುರುವಾಗುತ್ತಿತ್ತು. ಸಾಲಗುಂದದಿಂದ ಸೈಕಲ್ ಮೇಲೆ ಬರುತ್ತಿದ್ದ ನಮ್ಮ ಹಳೇ ಮೇಸ್ತ್ರಿ ಟ್ರ್ಯಾಕ್ಟರ್ ಹತ್ತಿ, ಲೋಡಿನ ನಡುವಿನ ಚೀಲದ ಹೊಲಿಗೆ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ನಾಲ್ಕು ಕಾಳು ತೆಗೆದು ಕಚ್ಚುತ್ತಿದ್ದ. ಗಟ್ಟಿಯಾಗಿ ಮುರಿದರೆ ಗೋದಾಮಿಗೆ, ಮೆತ್ತಗೆ ಒಡೆದರೆ ಅಂಗಳದ ಬಿಸಿಲಿಗೆ. ರೈತರು ಎಕ್ಸಾಮ್ ರಿಸಲ್ಟ್ ಕಾಯುವವರಂತೆ ಅವನ ಬಾಯನ್ನೇ ನೋಡುತ್ತಿದ್ದರು.

ಆಮೇಲೆ ನನ್ನ ಮಗಳು ಪುಣೆಯಲ್ಲಿ ಎಂಬಿಎ ಮುಗಿಸಿ ಬಂದಳು. ಹಟ ಹಿಡಿದು ಕಳಿಸಿದ್ದು ನಾನೇ. ಹೈದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿ, ಮದುವೆಯಾಗಿ ಈ ತೌಡಿನ ಧೂಳಿಗೆ ಬಂದವಳು ನಾನು. ಡಿಗ್ರಿಯ ಹೆಸರು ಕೇಳಿದರೆ ಸಾಕು, ಎದ್ದು ನಿಲ್ಲುತ್ತಿದ್ದೆ. ಲಿಂಗಸುಗೂರಿನ ಬೀಗರ ಮದುವೆಯಲ್ಲಂತೂ "ಮೈ ಡಾಟರ್, ಎಂಬಿಎ" ಎಂದು ಊಟದ ಸಾಲಿನಲ್ಲಿ ಎಲೆ ಎಲೆಗೂ ಹೇಳಿದ್ದೆ.

ಬಂದ ವಾರವೇ ಮಿಲ್ಲಿನ ಗೋಡೆಗೆ ಬಿಳಿ ಬೋರ್ಡು ಬಂತು. ಅದರ ಮೇಲೆ ಬಾಣ, ಡಬ್ಬಿ, ಮತ್ತೆ ಬಾಣ. ಹಮಾಲರಿಗೆ "ಟೀಮ್" ಎಂಬ ಹೆಸರು. ಚೀಲದ ಭಾರ ಮಾತ್ರ ಮೊದಲಿನಷ್ಟೇ. ಕೊನೆಗೆ ತೇವ ಅಳೆಯುವ ಮೀಟರ್. ಅದರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಹಾಕಿದ ಕಾಳಿನ ಬಗ್ಗೆ ಸರಿಯಾಗಿಯೇ ಹೇಳುತ್ತಿತ್ತು. ಆದರೆ ಮಗಳು ಹಾಕುತ್ತಿದ್ದುದು ಮೇಲಿನ ಚೀಲದ ಕಾಳು. ರೈತರೇನು ದಡ್ಡರೇ? ಒಣಗಿದ ಚೀಲ ಮೇಲೆ, ಹಸಿಯದು ಕೆಳಗೆ. ಈ ಸೀಮೆಯಲ್ಲಿ ಶಾಲೆಗೆ ಹೋಗದವರಿಗೂ ಗೊತ್ತಿರುವ ಸಂಗತಿ ಇದು; ಅವಳ ಸಿಲೆಬಸ್‌ನಲ್ಲಿ ಇರಲಿಲ್ಲ.

"ಸಣ್ಣಕ್ಕಾರ, ನಡುವಿನ ಚೀಲ ಒಂದರ ಬಿಚ್ಚಿ ನೋಡ್ರಿ. ಕೈಗೆ ಬೆಚ್ಚಗ ಹತ್ತಾಕತ್ತೈತಿ," ಎಂದ ಮೇಸ್ತ್ರಿ.

"ಕಾಕಾ, ರೀಡಿಂಗ್ ಬಂದೈತಲ್ರೀ? ನಿಮ್ಮ ಹಲ್ಲಿಗೆ ಸ್ಟ್ಯಾಂಡರ್ಡ್ ಇಲ್ಲ."

"ಹಲ್ಲು ಹೋಗ್ಲಿ ಬಿಡ್ರೀ, ಅವು ಹೆಂಗೂ ಉದುರಾಕತ್ತಾವ. ಕೈ ಐತಲ್ಲ!"

ಹಮಾಲರು ಗೊಳ್ಳೆಂದು ನಕ್ಕರು. ಮಗಳ ಮುಖ ಕೆಂಪಾಯಿತು. "ನಾಳಿಂದ ನೀವು ಗೇಟಿನಾಗ ಕುಂದರ್ರಿ. ಗಾಡಿ ನಂಬರ್ ಬರ್ಕೊಳ್ರಿ," ಎಂದಳು.

ಅವನು ನನ್ನ ಕಡೆ ನೋಡಿದ. ನನ್ನದೊಂದು ಮಾತು ಸಾಕಿತ್ತು. ಊರೆಲ್ಲ ಹೊಗಳಿದ ಮಗಳನ್ನು ಹಮಾಲರ ಮುಂದೆ ತಡೆಯುವುದು ಹೇಗೆ? ಸೆರಗಿನ ತೌಡು ಕೊಡವಿಕೊಂಡೆ.

ಹದಿನೈದು ದಿನಕ್ಕೆ ಗೋದಾಮಿನಲ್ಲಿ ಮುಗ್ಗಲು ವಾಸನೆ. ಭತ್ತ ಒಳಗೊಳಗೇ ಕಾದು, ಅಕ್ಕಿ ಹಳದಿಯಾಗಿ ಹೊರಬಂತು. ಮಗಳು ಅತ್ತಳೇ? ಇಲ್ಲ. ಲ್ಯಾಪ್‌ಟಾಪ್ ತೆರೆದು "ಲರ್ನಿಂಗ್ಸ್" ಎಂದು ಆರು ಸ್ಲೈಡ್ ಮಾಡಿದಳು. ಆರರಲ್ಲೂ ಮೇಸ್ತ್ರಿಯ ಸುದ್ದಿ ಇಲ್ಲ. ಎಂಬಿಎಯ ಎರಡು ವರ್ಷ ಅವಳಿಗೆ ಕಲಿಸಿದ್ದು ತಪ್ಪಿಗೆ ಒಳ್ಳೆಯ ಹೆಡಿಂಗ್ ಕೊಡುವುದನ್ನು.

ಅಂದೇ ಗೇಟಿನ ಕುರ್ಚಿ ಖಾಲಿಯಾಗಿತ್ತು. ಮಸ್ಕಿಯ ಮಿಲ್ಲೊಂದು ಅವನನ್ನು ಕರೆದಿದೆ ಎಂದರು. ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಮಸ್ಕಿ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ.

"ವಾಪಸ್ ಬಾ ಮೇಸ್ತ್ರಿ. ಅಕಿ ಪರವಾಗಿ ನಾ ಸಾರಿ ಕೇಳ್ತೀನಿ."

"ಅಕ್ಕಾರ ಸಣ್ಣವರು, ಬಿಡ್ರೀ ಅಮ್ಮಾರ. ಆವತ್ತು ನೀವು ಅಲ್ಲೇ ನಿಂತಿದ್ರಿ." ಬುತ್ತಿಯ ಗಂಟು ಸರಿಸಿಕೊಂಡು ಹೇಳಿದ: "ಗೋದಾಮಿನ ಮೂಲ್ಯಾಗಿನ ಚೀಲ ಇವತ್ತೇ ಹೊರಗ ಹಾಕಸ್ರಿ. ಉಳಿದದ್ದರ ಉಳೀತೈತಿ."

ಕಂಡಕ್ಟರ್ ಸೀಟಿ ಊದಿದ. ಮೇಸ್ತ್ರಿ ಕಿಟಕಿಯ ಗಾಜು ಎಳೆದುಕೊಂಡ. ಅವನನ್ನು ನಾನು ನೋಡಿದ್ದು ಅದೇ ಕೊನೆ.