ಪ್ರಾಣವಾಯುವಿನ ಬಾಗಿಲ ಕಾವಲುಗಾರ

ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಮೈಯನ್ನು ತಡವಿ ನೋಡುವುದೇ ಹುಸೇನಪ್ಪನ ಉದ್ಯೋಗವಾಗಿತ್ತು. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಆಳುದ್ದದ ಒಂದು ಪಾರದರ್ಶಕ ಕೊಳವೆಯಿತ್ತು. ರೋಗಿಯನ್ನು ಅದರೊಳಗೆ ಮಲಗಿಸಿ, ಬಾಗಿಲನ್ನು ಬಿಗಿದು, ಶುದ್ಧ ಆಮ್ಲಜನಕವನ್ನು ಹೊರಗಿನ ಗಾಳಿಗಿಂತ ಇಮ್ಮಡಿಗೂ ಮಿಕ್ಕ ಒತ್ತಡದಲ್ಲಿ ತುಂಬುತ್ತಿದ್ದರು. ಒಂದೂವರೆ ಗಂಟೆಯ ಕಾಲ ಅದನ್ನು ಉಸಿರಾಡಿದವನ ರಕ್ತವು ಸಾಮಾನ್ಯ ಉಸಿರು ಒದಗಿಸಲಾರದಷ್ಟು ಪ್ರಾಣವಾಯುವನ್ನು ಹೊತ್ತು, ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದ್ದ ಪಾದಕ್ಕೂ, ಕಸಿ ಮಾಡಿದ ಮೇಲೆ ಕಪ್ಪಾಗತೊಡಗಿದ ಚರ್ಮಕ್ಕೂ ಮುಟ್ಟಿಸುತ್ತಿತ್ತು. ಆದರೆ ಜೀವಕ್ಕೆ ಒಲಿದ ಆ ವಾಯು ಬೆಂಕಿಗೂ ಅಷ್ಟೇ ಒಲಿದದ್ದು. ಅದು ತುಂಬಿದ ಕೊಳವೆಯೊಳಗೆ ಒಂದು ಕಿಡಿ ಹುಟ್ಟಿದರೆ ಒಳಗಿದ್ದವನು ಉಳಿಯಲಾರ. ಆದುದರಿಂದ ಬೆಂಕಿಪೊಟ್ಟಣ, ಮೊಬೈಲು, ಕೈಗಡಿಯಾರ, ತಲೆಗೆಣ್ಣೆ, ಪೌಡರು, ನೈಲಾನು, ರೇಷ್ಮೆ ಇವಾವುದೂ ಒಳಹೋಗಕೂಡದು. ಎಲ್ಲರೂ ಹತ್ತಿಯ ನಿಲುವಂಗಿಯನ್ನು ತೊಟ್ಟು ಹುಸೇನಪ್ಪನ ಮುಂದೆ ಕೈಯೆತ್ತಿ ನಿಲ್ಲಬೇಕು. ಅವನ ಬೆರಳುಗಳು ಕಂಕುಳಿನಿಂದ ಹಿಮ್ಮಡಿಯವರೆಗೆ ಇಳಿದು ಬಂದ ಮೇಲೆಯೇ ಬಾಗಿಲು ತೆರೆಯುತ್ತಿತ್ತು.

ಆ ಬೆರಳುಗಳು ಈ ವಿದ್ಯೆಯನ್ನು ಕಲಿತದ್ದು ಆಸ್ಪತ್ರೆಯಲ್ಲಲ್ಲ. ಸಂಡೂರಿನ ಬೆಟ್ಟಗಳು ಲಾರಿಗಳ ಬೆನ್ನೇರಿ ಬಂದರಿನತ್ತ ಹರಿಯುತ್ತಿದ್ದ ವರ್ಷಗಳಲ್ಲಿ, ಯಶವಂತನಗರದಾಚೆಯ ಒಂದು ಗಣಿಯಲ್ಲಿ, ಬಂಡೆ ಸಿಡಿಸುವ ಮದ್ದನ್ನು ಕೂಡಿಟ್ಟ ಮದ್ದಿನ ಮನೆಗೆ ಅವನು ಕಾವಲಿದ್ದ. ಅಲ್ಲಿಯೂ ಬೇಲಿಯ ಬಾಗಿಲಲ್ಲಿ ಎಲ್ಲರ ಜೇಬು ನೋಡಿ, ಬೀಡಿ ಬೆಂಕಿಪೊಟ್ಟಣಗಳನ್ನು ತೆಗೆದಿರಿಸಿಕೊಂಡೇ ಒಳಗೆ ಬಿಡಬೇಕಾಗಿತ್ತು. ಸ್ವತಃ ಹುಸೇನಪ್ಪ ಹುಟ್ಟಿದಂದಿನಿಂದ ಬೀಡಿಯನ್ನು ತುಟಿಗೆ ಸೋಕಿಸಿದವನಲ್ಲ.

ಎರಡು ಸಾವಿರದ ನಾಲ್ಕರ ಬೇಸಗೆಯ ಒಂದು ಮಧ್ಯಾಹ್ನ ಗುತ್ತಿಗೆದಾರ ಮರಿಸ್ವಾಮಿ ಆ ಬಾಗಿಲಿಗೆ ಬಂದ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯಿದ್ದ ಮನೆತನದವನು. ಗಣಿಗೆ ಆಳನ್ನೂ ಲಾರಿಗಳನ್ನೂ ಒದಗಿಸುತ್ತಿದ್ದವನು. ಬೆರಳ ಸಂದಿಯಲ್ಲಿ ಸಿಗರೇಟು ಹೊಗೆಯಾಡುತ್ತಿತ್ತು.

“ಸಾಹುಕಾರ್ರ, ಸಿಗರೇಟು ಇಲ್ಲೇ ಆರಿಸ್ರಿ. ಜೇಬೂ ನೋಡ್ಬೇಕು,” ಎಂದ ಹುಸೇನಪ್ಪ.

“ನನ್ನ ಜೇಬಿಗೆ ಕೈ ಹಾಕ್ತಿಯೇನಲೇ? ಆ ಕೈ ಯಾವ ಕೇರಿದು ಅಂತ ಮರ್ತಿಯೇನು?” ಎಂದು ಮರಿಸ್ವಾಮಿ ಅವನನ್ನು ಭುಜದಿಂದ ನೂಕಿ ಒಳನಡೆದ. ಸ್ವಲ್ಪ ಹೊತ್ತಿನಲ್ಲಿ ಬೇಲಿಯೊಳಗಿನ ಒಣಹುಲ್ಲು ಹೊತ್ತಿಕೊಂಡಿತು. ಮರಿಸ್ವಾಮಿ ಓಡಿಹೋದ. ಹುಸೇನಪ್ಪ ನೆನೆಸಿದ ಗೋಣಿಚೀಲವನ್ನು ಹಿಡಿದು ಬೆಂಕಿಯನ್ನು ಬಡಿಬಡಿದು, ಮದ್ದಿನ ಮನೆಯ ಗೋಡೆಗೆ ಎಂಟು ಹೆಜ್ಜೆ ಉಳಿದಿರುವಾಗ ಆರಿಸಿದ. ಮೊಣಕೈಯವರೆಗೆ ಎರಡೂ ತೋಳುಗಳ ಚರ್ಮ ಸುಟ್ಟುಹೋಯಿತು.

ವಿಚಾರಣೆಯ ದಿನ ಅವನು ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಕಾವಲುಗಾರನ ಜೇಬಿನಿಂದ ಬೀಡಿ ಕಟ್ಟನ್ನು ತನ್ನ ಕೈಯಾರೆ ತೆಗೆದೆನೆಂದು ಮರಿಸ್ವಾಮಿ ಎಲ್ಲರೆದುರು ನುಡಿದ, ನುಡಿದದ್ದೇ ನಿಶ್ಚಯವಾಯಿತು. ಎರಡು ತಿಂಗಳ ಮೇಲೆ, ತೋಳುಗಳಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಕೇಳಲು ಬಂದವನನ್ನು, ಶಿಫ್ಟ್ ಬಿಡುವ ಹೊತ್ತಿಗೆ, ಕಂಪನಿಯ ಬಸ್ಸುಗಳ ಮುಂದೆ ಜೊತೆಗಾರರೇ ಸುತ್ತುಗಟ್ಟಿದರು. ಒಂದೇ ತಟ್ಟೆಯಲ್ಲಿ ಉಂಡಿದ್ದ ಭರಮಣ್ಣ ಬೀಡಿಗಳನ್ನು ದಾರಕ್ಕೆ ಪೋಣಿಸಿ ಅವನ ಕೊರಳಿಗೆ ಹಾಕಿದ. ಅಂದಿನಿಂದ ಅವನು ‘ಬೀಡಿ ಹುಸೇನಪ್ಪ’. ಹಿಟ್ಟಿನ ಗಿರಣಿಯ ಸಾಲಿನಲ್ಲಿ ಅವನ ಮಡದಿ ದುರ್ಗಕ್ಕ ‘ಬೀಡಿ ಹುಸೇನಪ್ಪನ ಹೇಂತಿ’. ದಂಪತಿಗಳು ಆ ಊರನ್ನು ಬಿಟ್ಟು ಹೊಸಪೇಟೆಗೆ ಬಂದರು.

ಪ್ರತಿ ಸೋಮವಾರ ಹುಸೇನಪ್ಪ ಹಂಪಿಗೆ ಹೋಗಿ ವಿರೂಪಾಕ್ಷನ ಮುಂದೆ ನಿಲ್ಲುತ್ತಿದ್ದ. ಅವನ ಬೇಡಿಕೆ ಒಂದೇ: ಆ ಮಾತನ್ನಾಡಿದ ಬಾಯಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿ, ಇಲ್ಲವಾದರೆ ಆ ಬಾಯಿ ಸುಟ್ಟುಹೋಗಲಿ. ಭಕ್ತರ ಮೊರೆಗಳೆಲ್ಲ ಶುಚಿಯಾಗಿರುವುದಿಲ್ಲ. ಪರಮೇಶ್ವರನು ಹಾಲಾಹಲವನ್ನೂ ಕೊರಳಲ್ಲಿ ಧರಿಸಿದವನಾದುದರಿಂದ ಇದನ್ನೂ ಕೇಳಿಕೊಂಡಿದ್ದಾನು.

ನಾಲ್ಕು ವರ್ಷಗಳ ಮೇಲೆ ಮರಿಸ್ವಾಮಿ ಗಾಲಿಕುರ್ಚಿಯಲ್ಲಿ ಕುಳಿತು, ಹುಸೇನಪ್ಪ ಈಗ ಕಾವಲಿದ್ದ ಹೊಸಪೇಟೆಯ ಆಸ್ಪತ್ರೆಗೆ ಬಂದ. ಸಕ್ಕರೆ ಕಾಯಿಲೆ ಬಲಗಾಲಿನ ಎರಡು ಬೆರಳುಗಳನ್ನು ಆಗಲೇ ತೆಗೆದುಕೊಂಡಿತ್ತು; ಪಾದದ ಹುಣ್ಣು ಮಾಯುತ್ತಿರಲಿಲ್ಲ. ಬಳ್ಳಾರಿಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಬೇಕೆಂದಿದ್ದರು. ಇಲ್ಲಿಯ ವೈದ್ಯ ಈಶ್ವರ್, ಹುಣ್ಣನ್ನು ದಿನವೂ ಶುಚಿಗೊಳಿಸುತ್ತ ಮೂವತ್ತು ಸಲ ಆಮ್ಲಜನಕ ಕೊಟ್ಟರೆ ಕಾಲು ಉಳಿದೀತು ಎಂದ.

ನಿಲುವಂಗಿ ತೊಟ್ಟು ಬಂದ ಮರಿಸ್ವಾಮಿ ತನ್ನನ್ನು ತಡವಲು ಬಂದವನ ಮುಖವನ್ನು ನೋಡಿ ನಕ್ಕ.

“ಲೇ, ನೀನು ಬೀಡಿ ಹುಸೇನಪ್ಪ ಅಲ್ಲೇನಲೇ?”

ಯಂತ್ರ ನಡೆಸುತ್ತಿದ್ದ ಪೂಜಿತಾ ತಲೆಯೆತ್ತಿದಳು. “ಯಾಕ್ರಿ, ಬೀಡಿ ಅಂದ್ರ?”

“ಅವನ್ನೇ ಕೇಳವ್ವ. ಮದ್ದಿನ ಮನಿ ಬಾಗಿಲಾಗ ಕುಂತು ಬೀಡಿ ಎಳದಾವ. ಇಂಥಾವನ್ನ ತಂದು ಆಕ್ಸಿಜನ್ ಕಾಯಾಕ ಇಟ್ಟೀರಿ. ಮಸ್ತ್ ಐತಿ ನಿಮ್ಮ ಆಸ್ಪತ್ರಿ!”

ಸಾಲಿನಲ್ಲಿದ್ದವರು ನಕ್ಕರು. ಅಲ್ಲಿಯವರೆಗೆ ಆ ಕೋಣೆಯಲ್ಲಿ ‘ಹುಸೇನಪ್ಪಣ್ಣ’ ಆಗಿದ್ದವನು ವಾರ ಕಳೆಯುವುದರೊಳಗೆ ಅಡಿಗೆಯವರ ಬಾಯಲ್ಲೂ ಬೀಡಿಯಣ್ಣನಾದ.

ಅವನು ಉತ್ತರವನ್ನು ಕೈಗಳಿಂದ ಕೊಟ್ಟ. ಉಳಿದವರನ್ನು ಒಮ್ಮೆ ತಡವಿದರೆ ಮರಿಸ್ವಾಮಿಯನ್ನು ಮೂರು ಸಲ ತಡವಿದ. ಉಗುರಿನ ಸಂದುಗಳನ್ನೂ, ಕಿವಿಯ ಹಿಂದನ್ನೂ ನೋಡಿದ.

“ತಲಿಗೆ ಎಣ್ಣಿ ಐತ್ರಿ. ತೊಳಕೊಂಡ್ ಬರ್ರಿ.”

“ನಿನ್ನಿ ಹಚ್ಚಿದ್ದಲೇ ಅದು!”

“ನಿನ್ನೀದೂ ಎಣ್ಣೀನ ರೀ.”

ಒಂಟಿಕಾಲಿನಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವ ಸಾಹುಕಾರನನ್ನು ಹುಸೇನಪ್ಪ ನಿಂತು ನೋಡುತ್ತಿದ್ದ. ಕೆಲವು ದಿನ ಎರಡು ಸಲ ಕಳುಹಿಸಿದ. ಹಣೆಯ ವಿಭೂತಿಯನ್ನು ಮಾತ್ರ ಒರೆಸೆನ್ನಲಿಲ್ಲ. ಅದು ಮರಿಸ್ವಾಮಿಯದಲ್ಲ, ಶಿವನದು.

ಆದರೂ ಹುಣ್ಣು ಮಾಯತೊಡಗಿತು. ಹತ್ತನೆಯ ಸಲದ ಹೊತ್ತಿಗೆ ಬೂದುಬಣ್ಣದ ಅಂಚುಗಳೊಳಗಿಂದ ಹವಳದಂಥ ಹೊಸ ಮಾಂಸ ಹೊಮ್ಮಿತು. “ನೋಡಣ್ಣ, ಎಷ್ಟ್ ಚಂದ ತುಂಬಾಕ ಹತ್ತೈತಿ!” ಎಂದು ಪೂಜಿತಾ ಹಿಗ್ಗಿದಳು. ಹುಸೇನಪ್ಪ ತನ್ನ ತೋಳುಗಳನ್ನು ನೋಡಿಕೊಂಡ. ಅವು ಯಾವ ಕೊಳವೆಯನ್ನೂ ಕಾಣದೆ, ಸುಕ್ಕುಗಟ್ಟಿ, ಬಿಗಿದು, ಇಂದಿಗೂ ಬಿಸಿಲಿಗೆ ಬಿರಿಯುತ್ತಿದ್ದವು. ಶತ್ರುವಿನ ಹುಣ್ಣು ಮಾಯುವುದನ್ನು ದಿನವೂ ಕಾಣುವುದು, ಆ ಕೆಲಸದಲ್ಲಿ ತನ್ನದೂ ಒಂದು ಕೈ ಇರುವುದು, ಇದಕ್ಕಿಂತ ಕಠಿನವಾದ ದಂಡನೆ ಅವನಿಗೆ ತಿಳಿದಿರಲಿಲ್ಲ.

ಹದಿನೆಂಟನೆಯ ಸಲ ಶ್ರಾವಣ ಸೋಮವಾರದಂದು ಬಂದಿತು. ಮರಿಸ್ವಾಮಿಯ ಪತ್ನಿ ಅಕ್ಕನಾಗಮ್ಮ ಬೆಳಗ್ಗೆಯೇ ಹಂಪಿಗೆ ಹೋಗಿ ಪೂಜೆ ಮಾಡಿಸಿ ಬಂದಿದ್ದಳು. ಹುಸೇನಪ್ಪ ಎಂದಿನಂತೆ ತಡವಿದ, ಏನೂ ಸಿಗಲಿಲ್ಲ. ಹುಣ್ಣಿನ ಪಟ್ಟಿಯನ್ನು ಮಾತ್ರ ನರ್ಸ್ ಕಟ್ಟಿದ ಮೇಲೆ ಯಾರೂ ಬಿಚ್ಚುವಂತಿರಲಿಲ್ಲ. ಆದರೆ ಮಲಗಿಸಲು ಆ ಕಾಲನ್ನು ಎತ್ತಿ ಹಿಡಿದಾಗ ಪಟ್ಟಿಯ ಮಡಿಕೆಯಿಂದ ತೆಳುವಾದ ಒಂದು ವಾಸನೆ ಬಂದಿತು. ಕರ್ಪೂರ. ಬೆಳಗಿ ಉಳಿದ ಪ್ರಸಾದವನ್ನು ಹುಣ್ಣಿನ ಬಳಿಯಲ್ಲಿಟ್ಟರೆ ಕಾಲು ಉಳಿಯುವುದೆಂದು ನಂಬಿದ ಹೆಂಗಸೊಬ್ಬಳ ಕೆಲಸವೆಂಬುದು ಅವನಿಗೆ ಕ್ಷಣಮಾತ್ರದಲ್ಲಿ ಹೊಳೆಯಿತು.

ಅವನು ಬಾಯಿ ತೆರೆಯಲಿಲ್ಲ. ಮಂಚ ಒಳಕ್ಕೆ ಜಾರಿತು. ಪೂಜಿತಾ ಬಾಗಿಲನ್ನು ಬಿಗಿದು ತಿರುಪನ್ನು ತಿರುಗಿಸಿದಳು. ವಾಯು ಬುಸುಗುಟ್ಟುತ್ತ ಹರಿಯಿತು. ಒತ್ತಡದ ಮುಳ್ಳು ಅಲುಗಿತು. ನಾಲ್ಕು ವರ್ಷಗಳ ಸೋಮವಾರಗಳೆಲ್ಲ ಬಂದು ಆ ಮುಳ್ಳಿನ ತುದಿಯಲ್ಲಿ ನಿಂತಂತೆ ಹುಸೇನಪ್ಪನಿಗೆ ಕಂಡಿತು. ಕಿಡಿ ಹುಟ್ಟಬಹುದು, ಹುಟ್ಟದಿರಲೂಬಹುದು. ಹುಟ್ಟಿದರೆ ತನ್ನ ಕೈಯಲ್ಲಿ ಪಾಪವಿಲ್ಲ, ಕಾಣಲಿಲ್ಲವೆಂದರಾಯಿತು. ಒಳಗಿನಿಂದ ಮರಿಸ್ವಾಮಿ ಅವನನ್ನು ನೋಡಿ, ದಿನವೂ ಮಾಡುತ್ತಿದ್ದಂತೆ ಎರಡು ಬೆರಳನ್ನು ತುಟಿಗಿಟ್ಟು ಬೀಡಿ ಸೇದುವ ಅಭಿನಯ ಮಾಡಿ ನಕ್ಕ.

ಆ ನಗೆಯೇ ಮರಿಸ್ವಾಮಿಯನ್ನು ಉಳಿಸಿತು. ಈ ಬಾಯಿ ಇಂದು ಸುಟ್ಟುಹೋದರೆ, ಅದು ಆಡಿದ ಮಾತು ಎಂದೆಂದಿಗೂ ಹಾಗೆಯೇ ನಿಲ್ಲುವುದು. ಎರಡನೆಯ ಸಲವೂ ಹುಸೇನಪ್ಪನ ಬಾಗಿಲಿನಿಂದಲೇ ಬೆಂಕಿ ಒಳಹೊಕ್ಕಿತೆಂದು ಲೋಕ ನುಡಿಯುವುದು. ತನಗೆ ಬೇಕಾದದ್ದು ಬೂದಿಯಲ್ಲ, ಮಾತಾಡುವ ಬಾಯಿ. ದಯೆಯಿಂದಲ್ಲ, ಹಗೆಯಿಂದಲೇ ಅವನು ಕೂಗಿದ:

“ನಿಲ್ಸವ್ವಾ! ಗ್ಯಾಸ್ ಬಂದ್ ಮಾಡು! ಪ್ರೆಶರ್ ಇಳಸು, ಜಲ್ದಿ ಇಳಸು!”

ಬಾಗಿಲು ತೆರೆದ ಮೇಲೆ, ಓಡಿ ಬಂದ ಈಶ್ವರ್ ಎದುರಿನಲ್ಲೇ ಹುಸೇನಪ್ಪ ಪಟ್ಟಿಯನ್ನು ಬಿಚ್ಚಿ ನಾಲ್ಕು ಬಿಲ್ಲೆ ಕರ್ಪೂರವನ್ನು ಅಂಗೈಯಲ್ಲಿ ಹಿಡಿದು ತೋರಿಸಿದ.

“ಇವನೇ ಇಟ್ಟಾನ್ರಿ ಡಾಕ್ಟ್ರ!” ಎಂದು ಮರಿಸ್ವಾಮಿ ಚೀರಿದ. “ನನ್ನ ಸುಡಾಕ ಇವನೇ ಇಟ್ಟಾನ! ಮೊದ್ಲಿಂದ ಬೆಂಕಿ ಹಚ್ಚಾವ ಇವ!”

ಎಲ್ಲರ ಕಣ್ಣುಗಳೂ ಹುಸೇನಪ್ಪನ ಕಡೆಗೆ ತಿರುಗಿದುವು. ಆಗ ಬಾಗಿಲ ಬಳಿ ನಿಂತಿದ್ದ ಅಕ್ಕನಾಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನುಡಿದಳು:

“ಇಟ್ಟಾಕಿ ನಾನ್ರೀ. ಸ್ವಾಮಿ ಪ್ರಸಾದ ಅಂತ ಇಟ್ಟೆ. ಅವರ ಮ್ಯಾಲೆ ಹಾಕಬ್ಯಾಡ್ರಿ. ಆ ಪಾಪ ಒಂದ್ ಸಲ ಮಾಡಿದ್ದು ಸಾಕು.”

ಈಶ್ವರ್ ಮರಿಸ್ವಾಮಿಯನ್ನು ನೋಡಿ, ಬಳಿಕ ಕಾವಲುಗಾರನ ಕಡೆ ತಿರುಗಿದ. “ಹುಸೇನಪ್ಪ, ಈ ಬಾಗಿಲಿಗೆ ಹೊಣೆ ನೀನು. ಇನ್ನ ಇವರನ್ನ ಒಳಗ ಬಿಡೂದು ಬಿಡದಿರೂದು ನಿನಗ ಸೇರಿದ್ದು. ನೀನು ಹೂಂ ಅಂದ್ರ ಮುಂದುವರಸ್ತೀನಿ.”

ಬಾಗಿಲು ಮುಚ್ಚುವ ಮೊದಲೇ ಆ ವಾಸನೆ ತನಗೆ ತಿಳಿದಿತ್ತೆಂಬುದನ್ನು ಹುಸೇನಪ್ಪ ಹೇಳಲಿಲ್ಲ. “ಹೂಂ” ಎಂದೂ ಹೇಳಲಿಲ್ಲ.

ಪಡಸಾಲೆಯಲ್ಲಿ ಅಕ್ಕನಾಗಮ್ಮ ಕೈಜೋಡಿಸಿದಳು. “ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ.”

“ನೀವ್ ಬೀಳಬ್ಯಾಡ್ರಿ ಅಮ್ಮಾರ. ಯಶವಂತನಗರದಾಗ, ಶಿಫ್ಟ್ ಬಿಡೂ ಹೊತ್ತಿಗೆ, ಬಸ್ಸಿನ ಮುಂದ ನಿಂತು, ಆ ಬೆಂಕಿ ಯಾರದು ಅಂತ ಸಾಹುಕಾರ್ರು ಹೇಳಲಿ. ಮರುದಿನ ಹೂಂ ಅಂತೀನಿ.”

ಕಾಲು ಹೋದರೂ ಆ ಕೇರಿಯವನ ಮುಂದೆ ತಲೆ ತಗ್ಗಿಸೆನೆಂದು ಮರಿಸ್ವಾಮಿ ಹೇಳಿಕಳುಹಿಸಿದ. ಒಂದು ದಿನ ಕಳೆಯಿತು. ಎರಡು, ಮೂರು ಕಳೆದುವು. ಮನೆಯಲ್ಲಿ ದುರ್ಗಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು:

“ಖರೇನ ಅವನ ಕಾಲು ಹೋದ್ರ?”

“ಹೋಗ್ಲಿ.”

“ಅದ್ರಿಂದ ನಿನಗ ಏನ್ ಬಂತು?”

“ನನ್ನ ಹೆಸರು ಬರಲಿಲ್ಲಂದ್ರ ಅವನ ಕಾಲಾದ್ರೂ ಹೋಗ್ಲಿ.”

ಈ ಮಾತನ್ನು ಯಾವ ಶಾಸ್ತ್ರವೂ ಒಪ್ಪಲಾರದು. ಹುಸೇನಪ್ಪನೂ ಶಾಸ್ತ್ರದ ಒಪ್ಪಿಗೆಯನ್ನು ಕೇಳಿದವನಲ್ಲ.

ಐದನೆಯ ದಿನ ಹುಣ್ಣಿನ ಒಂದು ಅಂಚು ಕಪ್ಪಾಯಿತು. ಇನ್ನು ತಡಮಾಡಿದರೆ ಬಳ್ಳಾರಿಯ ದಾರಿಯೇ ಗತಿಯೆಂದು ಈಶ್ವರ್ ಹೇಳಿದ. ಅಂದು ಸಂಜೆ ಯಶವಂತನಗರದಲ್ಲಿ, ಕೆಂಧೂಳು ಮೆತ್ತಿದ ಮುಖಗಳು ಬಸ್ಸುಗಳಿಂದ ಇಳಿದು, ಮುಂದಿನ ಪಾಳಿಯವರು ಹತ್ತುತ್ತಿದ್ದ ಹೊತ್ತಿಗೆ, ಮರಿಸ್ವಾಮಿ ಜೀಪಿನಿಂದ ಊರುಗೋಲಿನ ಮೇಲೆ ಇಳಿದ. ಹುಸೇನಪ್ಪನೂ ದುರ್ಗಕ್ಕನೂ ಆಗಲೇ ಬಂದು ನಿಂತಿದ್ದರು. ಜನ ಸೇರಿತು.

“ಅವತ್ತು... ಇವನ ಜೇಬಿನಾಗ ಬೀಡಿ ಸಿಕ್ಕಿದ್ದಿಲ್ಲ,” ಎಂದು ಮರಿಸ್ವಾಮಿ ನೆಲ ನೋಡುತ್ತ ನುಡಿದ.

“ಹಿಂದಿನೋರಿಗೆ ಕೇಳಸಲಿಲ್ರಿ,” ಎಂದ ಹುಸೇನಪ್ಪ.

ಮರಿಸ್ವಾಮಿ ಮತ್ತೆ ಹೇಳಿದ.

“ಹಂಗಾರ ಬೆಂಕಿ ಯಾರದ್ರಿ?”

ಹಿಂದಿನಿಂದ ಯಾರೋ ನಕ್ಕರು: “ಹೇಳ್ರಿ ಸಾಹುಕಾರ್ರ, ಬಸ್ ಹೊಂಡತೈತಿ!”

“ನಂದು. ನನ್ನ ಸಿಗರೇಟು.”

“ಆರಿಸಿದ್ದು ಯಾರ್ರಿ?”

“ಇವ... ಹುಸೇನಪ್ಪ.”

“ಇನ್ನೊಮ್ಮೆ ಹೇಳ್ರಿ. ನನ್ನ ಹೇಂತಿ ಕೇಳಬೇಕು.”

ಮರಿಸ್ವಾಮಿಯ ಕೊರಳಿನ ನರಗಳು ಉಬ್ಬಿದುವು. ಕಾಲಿನ ನೋವಿಗೋ ಅಪಮಾನಕ್ಕೋ ಕಣ್ಣಲ್ಲಿ ನೀರು ತುಂಬಿತು. ಅವನು ಇನ್ನೊಮ್ಮೆ ಹೇಳಿದ. ದುರ್ಗಕ್ಕ ಆ ಮುಖವನ್ನು ನೆಟ್ಟ ನೋಟದಿಂದ ನೋಡಿ, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು.

ಗುಂಪಿನಿಂದ ಭರಮಣ್ಣ ಮುಂದೆ ಬಂದ. “ತಪ್ಪಾತಲೇ ಹುಸೇನಪ್ಪ.”

“ನಿಂದು ಆಮ್ಯಾಲೆ ನೋಡ್ತೀನಿ,” ಎಂದು ಹುಸೇನಪ್ಪ ಬೆನ್ನು ತಿರುಗಿಸಿದ.

ಮರುದಿನ ಬೆಳಗ್ಗೆ ಅವನು ವೈದ್ಯನ ಮುಂದೆ ನಿಂತು “ಹೂಂ ರೀ” ಎಂದ. ಕಪ್ಪಾದ ಅಂಚನ್ನು ಕೆತ್ತಿ ತೆಗೆದು ಉಳಿದ ಹದಿಮೂರು ಸಲವನ್ನೂ ಮುಗಿಸಿದರು. ಬಳಿಕ ಕೆಲವು ವಾರಗಳಲ್ಲಿ ಹುಣ್ಣು ಮುಚ್ಚಿ ಅದರ ಮೇಲೆ ಈರುಳ್ಳಿಯ ಸಿಪ್ಪೆಯಂತೆ ತೆಳ್ಳಗಿನ ಹೊಸ ಚರ್ಮ ಕಟ್ಟಿತು. ಅದನ್ನು ತೋರಿಸಲು ಕೊನೆಯ ಸಲ ಬಂದ ಮರಿಸ್ವಾಮಿ ಎರಡು ಕಾಲಿನ ಮೇಲೆ ನಿಂತು, ದನಿಯನ್ನು ತಗ್ಗಿಸಿ ಕೇಳಿದ:

“ನೀನ್ ಕೇಳಿದ್ದು ಹೇಳೀನಲ್ಲಪ್ಪ ಹುಸೇನಪ್ಪ. ಇನ್ನೂ ಸಿಟ್ಟು ಐತೇನು?”

ಹುಸೇನಪ್ಪ ಬಗ್ಗಿ ಆ ಪಾದದ ಹೊಸ ಚರ್ಮವನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿದ. ಬಿಳುಪಾದದ್ದು ಮತ್ತೆ ಕೆಂಪೇರಿತು. ರಕ್ತ ಸರಿಯಾಗಿ ಓಡುತ್ತಿತ್ತು.

“ಐತ್ರಿ,” ಎಂದು ಎದ್ದು ನಿಂತ. “ಧೂಳಿನಾಗ ಬರಿಗಾಲಿಲೆ ಅಡ್ಡಾಡಬ್ಯಾಡ್ರಿ.”