ಖಾನಾಪುರದ ಬಂಡೆಗಳಲ್ಲಿ ಕಲಿತ ಮಾತು

"ದಗಡ! ದಗಡ!" ಎಂದು ಮೇಲಿನಿಂದ ಯಾರೋ ಕೂಗಿದರು. ಖಾನಾಪುರದ ಕಾಡಂಚಿನ ಬಂಡೆಯ ಬುಡದಲ್ಲಿ ನಿಂತಿದ್ದ ನಾನು ಏನೆಂದು ತಿಳಿಯದೆ ಕತ್ತೆತ್ತಿ ನೋಡಿದೆ. ತೆಂಗಿನಕಾಯಿ ಗಾತ್ರದ ಕಲ್ಲೊಂದು ನನ್ನ ಭುಜ ಸವರಿಕೊಂಡು ಹೋಗಿ ಪೊದೆಯಲ್ಲಿ ಬಿತ್ತು. ಪಕ್ಕದಲ್ಲಿ ಹಗ್ಗ ಹಿಡಿದಿದ್ದ ರತ್ನಾ ನನ್ನ ಮೇಲೆ ಹರಿಹಾಯ್ದಳು.

"ದಗಡ ಅಂದ್ರ ಮರಾಠಿಯೊಳಗ ಕಲ್ಲು ರೀ, ಅಕ್ಕಾರ! ಮ್ಯಾಲ ನೋಡಬಾರದು, ತಲಿ ಒಳಗ ತಗೋಬೇಕು!"

ಹದಿನಾರನೇ ವಯಸ್ಸಿನಿಂದ ರಾಮನಗರದ ಬೆಟ್ಟಗಳನ್ನು ಹತ್ತಿದವಳು ನಾನು. ಈಗ ಐವತ್ತರ ಹತ್ತಿರ. ಅಲ್ಲಿಯ ಬಂಡೆ ನಂಬಿದವರ ಕೈಬಿಡುವುದಿಲ್ಲ. ಉಗುರಿನಷ್ಟು ಅಂಚು ಸಿಕ್ಕರೂ ಮೈಭಾರ ಹಾಕಬಹುದು. ಇಲ್ಲಿಯ ಕಪ್ಪು ಕಲ್ಲು ಪದರಪದರ. ಮಳೆ ಕುಡಿದ ಮೇಲಂತೂ ಹಿಡಿದದ್ದೇ ಕಿತ್ತು ಬರುತ್ತದೆ. ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಬಿಟ್ಟು, ಬೇರೆ ಕಡೆ ಕೈ ಹಾಕಬೇಕು. ಇಷ್ಟು ವರ್ಷ ಹತ್ತಿದವಳು ಮತ್ತೆ ಮೊದಲಿನಿಂದ ಕಲಿತೆ.

ನಾನು ನರ್ಸ್. ಗಂಡ ತೀರಿಕೊಂಡ ಮೇಲೆ ಅದೇ ಮನೆಯಲ್ಲಿ ಇರಲಾಗದೆ ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ಸೇರಿದೆ. ಅಲ್ಲಿಯ ಕ್ಯಾಂಪ್ ಬಡಾವಣೆಯ ಹಳೆಯ ಬಂಗಲೆಯೊಂದರ ಹಿಂಬದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಒಬ್ಬಳಿಗಾಗಿ ಮುದ್ದೆ ತೊಳಸಲು ಮನಸ್ಸಾಗದೆ ಎಷ್ಟೋ ದಿನ ಅನ್ನ ಮೊಸರಲ್ಲೇ ಮುಗಿಸಿದೆ. ಮರಾಠಿ ತಿಳಿಯದಿದ್ದರೆ ಪರಕೀಯಳೆನಿಸುವುದು ಸಹಜ, ಆದರೆ ನನ್ನ ಕನ್ನಡ ಕೇಳಿಯೂ ರೋಗಿಗಳು "ಮೈಸೂರ ಕಡೇವ್ರೇನ್ರೀ?" ಎನ್ನುತ್ತಿದ್ದರು. ನನ್ನ ಭಾಷೆಯಲ್ಲೇ ನಾನು ಹೊರಗಿನವಳು.

ರತ್ನಾ ಸಿಕ್ಕಿದ್ದು ವಾರ್ಡಿನಲ್ಲಿ. ಅವಳ ತಾಯಿಗೆ ಸೂಜಿ ಚುಚ್ಚುತ್ತಿದ್ದಾಗ ನನ್ನ ಬೆರಳುಗಳ ಜಡ್ಡು ನೋಡಿ, "ಇದು ಕಲ್ಲು ಹತ್ತೂ ಕೈ ಐತಲ್ರೀ!" ಎಂದಳು. ಮುಂದಿನ ಭಾನುವಾರವೇ ಇಲ್ಲಿಯ ಹತ್ತುವವರ ಗುಂಪಿಗೆ ಎಳೆದೊಯ್ದಳು. ಅಲ್ಲಿಂದ ಭಾನುವಾರಗಳಿಗೆ ಜೀವ ಬಂತು. ಬಂಡೆಯ ನೆರಳಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಭಾಷೆಗಳ ಹರಟೆ.

ಕಳೆದ ಮಳೆಗಾಲದ ಕೊನೆಯಲ್ಲಿ ಖಾನಾಪುರದ ಹಳ್ಳಿಯೊಂದರಿಂದ ಗುಂಪಿಗೆ ಕರೆ ಬಂತು. ತಪ್ಪಿಸಿಕೊಂಡ ಆಡನ್ನು ಹುಡುಕಿ ಹೋದ ಯಲ್ಲಪ್ಪ ಎಂಬವರು ಕಮರಿಗೆ ಜಾರಿಬಿದ್ದಿದ್ದರು. ಹಿಂದಿನ ಸಂಜೆಯಿಂದ ಅವರ ನರಳಾಟ ಕೇಳಿಸುತ್ತಿತ್ತು. ಇಳಿಯಲು ಯಾರಿಗೂ ಸಾಧ್ಯವಾಗಿರಲಿಲ್ಲ. ನರ್ಸ್ ಎಂಬ ಕಾರಣಕ್ಕೆ ಮೊದಲು ನಾನೇ ಹಗ್ಗದಲ್ಲಿ ಇಳಿದೆ. ರತ್ನಾ ಮೇಲೆ ಹಗ್ಗ ಹಿಡಿದಳು.

ಬೆನ್ನು ಮುರಿದಿತ್ತು. ನಾಡಿ ದಾರದಂತೆ ಸಿಕ್ಕಿಸಿಕ್ಕಿ ತಪ್ಪುತ್ತಿತ್ತು. ತುಟಿಗೆ ನೀರು ಹನಿಸಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅಕೀಗೆ ಹೇಳ್ರಿ... ದಡ್ಡಿ... ದಡ್ಡಿ..."

ಹಿಡಿತ ಸಡಿಲವಾಯಿತು. ಎದೆ ಒತ್ತಿದೆ, ಉಸಿರು ಕೊಟ್ಟೆ, ಸೋತೆ. ಉಳಿದವರು ಇಳಿದು ಬಂದ ಮೇಲೆ ಅವರನ್ನು ಸ್ಟ್ರೆಚರಿಗೆ ಕಟ್ಟಿ ಮೇಲೆತ್ತಿದೆವು.

ಅವರ ಹೆಂಡತಿ ಗಂಗವ್ವ ಕಮರಿಯ ಅಂಚಿನಲ್ಲಿ ಕೂತಿದ್ದರು. ಅತ್ತು ಅತ್ತು ದನಿ ಉಡುಗಿತ್ತು. "ನೀವು ಹೋದಾಗ ಜೀವ ಇತ್ತೇನ್ರೀ, ಅಕ್ಕಾ? ಏನರ ಅಂದ್ರೇನು?"

ನಮ್ಮ ಕಡೆ ದಡ್ಡಿ ಎಂದರೆ ಬುದ್ಧಿಯಿಲ್ಲದವಳು. ಗಂಡನ ಕೊನೆಯ ಮಾತು ಇದೆಂದು ಹೇಗೆ ಹೇಳುವುದು?

"ನೀರು ಕುಡಿದರು," ಎಂದೆ.

"ಮತ್ತ?"

ಆ ಕಣ್ಣುಗಳ ಮುಂದೆ ಸುಳ್ಳು ಬರಲಿಲ್ಲ. "ದಡ್ಡಿ ಅಂದರು. ನಿಮಗೆ ಹೇಳಿ ಅಂದರು."

ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಖರೇ ಐತಿ. ದಡ್ಡಿ ಬಾಗಲಾ ಹಾಕೇ ಇಲ್ರೀ. ನಿನ್ನಿಯಿಂದ ನಾ ಇಲ್ಲೇ ಅದೀನಿ. ಮರಿ ಎಲ್ಲಾ ಹೊರಗ ಬಿದ್ದಿರ್ತಾವು." ಮೈದುನನನ್ನು ಕರೆದು ಆ ಕ್ಷಣವೇ ಮನೆಗೆ ಓಡಿಸಿದರು.

ದಡ್ಡಿ ಎಂದರೆ ಆಡು ಕೂಡಿಹಾಕುವ ಜಾಗವೆಂದು ರತ್ನಾ ನನ್ನ ಕಿವಿಯಲ್ಲಿ ಹೇಳಿದಳು. ನಮ್ಮ ರಾಮನಗರದ ಸುತ್ತ ಎಷ್ಟೋ ಹಳ್ಳಿಗಳ ಹೆಸರಿನ ಕೊನೆಗೆ ಇರುವ ಅದೇ ದೊಡ್ಡಿ! ಸಾಯುವಾಗಲೂ ಆ ಮನುಷ್ಯ ಮನೆಯ ಕೆಲಸ ಒಪ್ಪಿಸಿ ಹೋಗಿದ್ದ. ನನ್ನ ಗಂಡ ಏನೂ ಹೇಳದೆ ಹೋಗಿದ್ದರು; ಮೂಗು ಬಾಯಿಗೆ ನಳಿಕೆಗಳಿದ್ದವು. ನಾನು ನೆಲಕ್ಕೆ ಕುಸಿದು ಅಳತೊಡಗಿದೆ. ಗಂಗವ್ವನೇ ಎದ್ದು ಬಂದು ನನ್ನ ತಲೆಯನ್ನು ಎದೆಗೊತ್ತಿಕೊಂಡರು. ಯಾರು ಯಾರನ್ನು ಸಂತೈಸಬೇಕಿತ್ತೋ!

ಈಗ ತಿಂಗಳಿಗೊಮ್ಮೆಯಾದರೂ ಅವರ ಮನೆಗೆ ಹೋಗಿ ಬರುತ್ತೇನೆ. ಆ ಕಮರಿಯ ಅಂಚಿಗೆ ನಮ್ಮ ಗುಂಪಿನವರು ಬೇಲಿ ಕಟ್ಟಿದ್ದೇವೆ.

ದೀಪಾವಳಿಗೆ ರಾಮನಗರಕ್ಕೆ ಹೋಗಿದ್ದೆ. ಹಳೆಯ ಜೊತೆಗಾರ ನಾಗರಾಜುವಿನೊಂದಿಗೆ ನಮ್ಮ ಹಳೆಯ ದಾರಿಯಲ್ಲೇ ಬೆಟ್ಟ ಹತ್ತಿದೆ. ನೆತ್ತಿಯ ಮೇಲೆ ಹಗ್ಗ ಸುತ್ತುತ್ತಾ ಅವನು ಹೇಳಿದ: "ಸಾಕು ಬಂದ್ಬಿಡಕ್ಕ. ಇಲ್ಲೇ ಒಂದು ಕೆಲ್ಸ ನೋಡಣ. ಇನ್ನೆರಡು ದಿನ ಇರ್ತೀಯ ತಾನೆ?"

"ಇಲ್ಲ ಕಣೋ, ನಾಳೆ ಊರಿಗೆ ಹೋಗಬೇಕು," ಎಂದೆ.

ಅವನ ಕೈ ನಿಂತಿತು. "ಊರಿಗಾ? ಬೆಳಗಾವಿ ನಿನ್ನೂರಾದ್ರೆ ಇದೇನಕ್ಕ?"

ಕೆಳಗೆ ನಾನು ಹುಟ್ಟಿ ಬೆಳೆದ ಬೀದಿ ಕಾಣುತ್ತಿತ್ತು. ಹಗ್ಗದ ಇನ್ನೊಂದು ತುದಿ ಹಿಡಿದು ನಾನೂ ಸುತ್ತತೊಡಗಿದೆ.